ಹಳೆಯ ನಳ, ಫ್ಲಶ್, ಶವರ್ ಬದಲಿಸಿ ನೀರು ಉಳಿಸುವ ಕ್ರಮ: ಯಾವುದು ಮೊದಲು, ಯಾವುದು ಆಮೇಲೆ

ಬೇಸಿಗೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಒಂದೇ ಬಗೆಯ ಪ್ರಯತ್ನ ಮತ್ತೆ ಮತ್ತೆ ಸೋಲುವುದನ್ನು ನೋಡುತ್ತಿದ್ದೇನೆ. ನೀರು ಉಳಿಸಬೇಕೆಂದು ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತಾರೆ, ಹೊಸ ನಳ ಮತ್ತು ಎರಡು ಗುಂಡಿಯ ಫ್ಲಶ್ ತರುತ್ತಾರೆ, ಪ್ಲಂಬರನ್ನು ಕರೆಸಿ ಕೂರಿಸುತ್ತಾರೆ, ತಿಂಗಳೊಳಗೆ ಅದರಲ್ಲಿ ಅರ್ಧ ಸಾಮಾನು ಕಿತ್ತು ಅಟ್ಟಕ್ಕೆ ಸೇರುತ್ತದೆ. "ನೀರು ಭಾಳ ಸಣ್ಣಗ ಬರ್ತಾವ್ರೀ, ಒಂದು ಕೊಡ ತುಂಬೂದ್ರಾಗ ಸಾಕಾಗ್ತದ, ತಗದು ಇಟ್ಟೇನಿ" ಎಂದು ನಮ್ಮ ಓಣಿಯ ಹಿರಿಯರೊಬ್ಬರು ಹೇಳಿದಾಗ, ತಪ್ಪು ಅವರದೂ ಅಲ್ಲ, ಆ ನಳದ್ದೂ ಅಲ್ಲ ಎಂದು ನನಗೆ ಅನ್ನಿಸಿತು. ಕೊಡ ತುಂಬುವ ಜಾಗಕ್ಕೆ ಕೈ ತೊಳೆಯುವ ಜಾಗದ ಸಾಮಾನನ್ನು ಹಾಕಿದ್ದರು, ಸೋರುವ ಫ್ಲಶ್ ಟ್ಯಾಂಕನ್ನು ಹಾಗೆಯೇ ಬಿಟ್ಟಿದ್ದರು.

ಕೆಲಸದ ಕ್ರಮ ತಪ್ಪಿದರೆ ಎಷ್ಟೇ ದುಬಾರಿಯ ಸಾಮಾನು ತಂದರೂ ನೀರು ಉಳಿಯುವುದಿಲ್ಲ. ನಮ್ಮ ಭಾಗದ ಮನೆಗಳಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಅವಳಿ ನಗರದ ಕೆಲವು ವಾರ್ಡ್‌ಗಳಿಗೆ 2008ರಿಂದಲೇ 24 ಗಂಟೆಯ ನೀರು ಬಂದಿದ್ದರೂ ಅನೇಕ ಬಡಾವಣೆಗಳು ಕೆಲವು ದಿನಗಳಿಗೊಮ್ಮೆ ಬರುವ ನಳದ ನೀರನ್ನು ಸಂಪಿನಲ್ಲಿ ತುಂಬಿ, ಮಾಳಿಗೆಯ ಟ್ಯಾಂಕಿಗೆ ಏರಿಸಿ ಬಳಸುತ್ತ ಬಂದಿವೆ. ಅಂಥ ಮನೆಯಲ್ಲಿ ನೀರಿನ ಒತ್ತಡ ಕಡಿಮೆ, ಮೊದಲು ಬರುವ ನೀರಿನಲ್ಲಿ ಕೆಸರು ಹೆಚ್ಚು, ಕೊಳವೆಬಾವಿಯ ನೀರೂ ಸೇರಿದ್ದರೆ ಅದು ಗಡಸು. ಈ ಮೂರನ್ನೂ ಗಮನದಲ್ಲಿಟ್ಟುಕೊಂಡೇ ಮುಂದಿನ ಹಂತಗಳನ್ನು ಬರೆದಿದ್ದೇನೆ.

## ಕೈಯಲ್ಲಿ ಇರಬೇಕಾದ ಸಾಮಾನು

ಅಳತೆಗೆ ಗೆರೆ ಇರುವ 10 ಲೀಟರಿನ ಬಕೆಟ್, ಒಂದು ಲೀಟರಿನ ಜಗ್, ಪೆನ್ಸಿಲ್, ಮೊಬೈಲಿನ ಗಡಿಯಾರ. ಸೋರಿಕೆ ಹುಡುಕಲು ಬಟ್ಟೆಗೆ ಹಾಕುವ ನೀಲಿ ಮತ್ತು ಹಳೆಯ ದಿನಪತ್ರಿಕೆ. ಬಿಚ್ಚಿ ಕೂರಿಸಲು ಎರಡು ಪಾನಾ (ಒಂದು ಪೈಪ್ ಪಾನಾ, ಒಂದು ಸ್ಕ್ರೂ ಪಾನಾ), ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪ್, ಹಳೆಯ ಹಲ್ಲುಜ್ಜುವ ಬ್ರಶ್, ತುಕ್ಕು ಬಿಡಿಸುವ ಸ್ಪ್ರೇ, ಅರ್ಧ ಇಂಚಿನ ಎರಡು ಪ್ಲಾಸ್ಟಿಕ್ ಬಿರಡೆ. ಈ ಬಿರಡೆಯನ್ನು ಪ್ಲಂಬರ್‌ಗಳು ಎಂಡ್ ಪ್ಲಗ್ ಎನ್ನುತ್ತಾರೆ. ಅದಿಲ್ಲದೆ ನಳ ಬಿಚ್ಚಬೇಡಿ, ಏಕೆಂದರೆ ಹೊಸ ನಳ ಅಳತೆಗೆ ಕೂಡದಿದ್ದಾಗ ಆ ಬಾಯಿಯನ್ನು ಮುಚ್ಚಿ ಮನೆಯ ಉಳಿದ ಕಡೆಗೆ ನೀರು ಬಿಡಲು ಬೇರೆ ದಾರಿ ಇರುವುದಿಲ್ಲ.

ಹೊಸ ನಳ, ಫ್ಲಶ್, ಶವರ್ ಯಾವುದನ್ನೂ ಈಗಲೇ ಕೊಳ್ಳಬೇಡಿ.

## ಹಂತ 1: ಈಗ ಎಷ್ಟು ನೀರು ಹೋಗುತ್ತಿದೆ ಎಂದು ಅಳೆಯಿರಿ

ಪ್ರತಿ ನಳವನ್ನೂ ದಿನವೂ ಎಷ್ಟು ತಿರುಗಿಸುತ್ತೀರೋ ಅಷ್ಟೇ ತಿರುಗಿಸಿ, ಕೆಳಗೆ 10 ಲೀಟರಿನ ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಬರೆದುಕೊಳ್ಳಿ. 600ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂದು ತಿಳಿಯುತ್ತದೆ. 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15 ಲೀಟರ್, 100 ಸೆಕೆಂಡಿನಲ್ಲಿ ತುಂಬಿದರೆ 6 ಲೀಟರ್. ವಾಶ್‌ಬೇಸಿನ್ನಿನಲ್ಲಿ ಬಕೆಟ್ ಹಿಡಿಯುವುದಿಲ್ಲವಾದ್ದರಿಂದ ಒಂದು ಲೀಟರಿನ ಜಗ್ ಇಟ್ಟು, 60ನ್ನು ಸೆಕೆಂಡಿನಿಂದ ಭಾಗಿಸಿ.

ಫ್ಲಶ್ ಟ್ಯಾಂಕಿನ ಅಳತೆಯನ್ನು ಬಹಳಷ್ಟು ಜನ ಮಾಡುವುದೇ ಇಲ್ಲ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಟ್ಯಾಂಕಿಗೆ ನೀರು ಬರುವ ಆಂಗಲ್ ಕಾಕ್ ಮುಚ್ಚಿ, ಮುಚ್ಚಳ ತೆಗೆದು, ಒಳಗೆ ನೀರು ನಿಂತ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಒಮ್ಮೆ ಫ್ಲಶ್ ಮಾಡಿ, ಆಮೇಲೆ ಜಗ್ಗಿನಿಂದ ಎಣಿಸುತ್ತ ಆ ಗೆರೆಯವರೆಗೆ ನೀರು ತುಂಬಿ. ಎಷ್ಟು ಜಗ್ ಹಿಡಿಯಿತೋ ಅಷ್ಟು ಲೀಟರ್ ಪ್ರತಿ ಸಲ ಹೋಗುತ್ತಿದೆ. ಹಳೆಯ ಟ್ಯಾಂಕುಗಳಲ್ಲಿ 10 ಲೀಟರ್ ಅಥವಾ ಅದಕ್ಕೂ ಹೆಚ್ಚು ಬರುವುದು ಸಾಮಾನ್ಯ.

ಇದರ ಬೆಲೆ ಎಷ್ಟೆಂದು ಒಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ಜನರ ಮನೆ, ಒಬ್ಬೊಬ್ಬರು ದಿನಕ್ಕೆ ಐದು ಸಲ ಫ್ಲಶ್ ಮಾಡುತ್ತಾರೆ, ಟ್ಯಾಂಕು 12 ಲೀಟರಿನದು ಎಂದುಕೊಂಡರೆ ದಿನಕ್ಕೆ 240 ಲೀಟರ್ ಆಯಿತು. ಅದೇ ಮನೆಯಲ್ಲಿ 6 ಮತ್ತು 3 ಲೀಟರಿನ ಎರಡು ಗುಂಡಿಯ ಟ್ಯಾಂಕಿದ್ದು, ಐದರಲ್ಲಿ ನಾಲ್ಕು ಸಲ ಸಣ್ಣ ಗುಂಡಿ ಒತ್ತಿದರೆ 72 ಲೀಟರ್ ಸಾಕು. ದಿನಕ್ಕೆ 168 ಲೀಟರಿನ ವ್ಯತ್ಯಾಸ. ಆರು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಇದು ಒಂದು ಸರದಿಗೆ ಸಾವಿರ ಲೀಟರ್, ಅಂದರೆ ಮಾಳಿಗೆಯ ಮೇಲಿನ ಒಂದು ಇಡೀ ಟ್ಯಾಂಕು. ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬುದು ಒಳಚರಂಡಿ ಇರುವ ನಗರಗಳಿಗೆ ಸರ್ಕಾರ ಇಟ್ಟುಕೊಂಡ ಅಳತೆ. ಆ 135ರಲ್ಲಿ 60 ಲೀಟರನ್ನು ಹಳೆಯ ಫ್ಲಶ್ ಒಂದೇ ನುಂಗುವ ಮನೆಯಲ್ಲಿ ನಳದ ಬಾಯಿಗೆ ಎರೇಟರ್ ಎಂಬ ಜರಡಿ ಹಾಕಿ ಎಷ್ಟು ಉಳಿಸಲು ಸಾಧ್ಯ?

## ಹಂತ 2: ಸೋರಿಕೆಯನ್ನು ಮೊದಲು ನಿಲ್ಲಿಸಿ

ಫ್ಲಶ್ ಟ್ಯಾಂಕಿನ ಒಳಗೆ ಬಟ್ಟೆಯ ನೀಲಿಯನ್ನು ಏಳೆಂಟು ಹನಿ ಹಾಕಿ, ಅರ್ಧ ಗಂಟೆ ಯಾರೂ ಶೌಚಾಲಯ ಬಳಸದಂತೆ ನೋಡಿಕೊಳ್ಳಿ. ಕಮೋಡಿನ ಬಿಳಿಯ ಗೋಡೆಯ ಮೇಲೆ ತೆಳುವಾದ ನೀಲಿ ಗೆರೆ ಇಳಿದು ಕಂಡರೆ ಟ್ಯಾಂಕಿನ ತಳದ ರಬ್ಬರ್ ವಾಷರ್ ಸವೆದಿದೆ ಎಂದರ್ಥ. ಈ ಸೋರಿಕೆಗೆ ಸದ್ದಿರುವುದಿಲ್ಲ, ನೆಲ ತೇವವಾಗುವುದಿಲ್ಲ, ಹಗಲೂ ರಾತ್ರಿ ನಡೆದೇ ಇರುತ್ತದೆ. ವಾಷರನ್ನು ಅಳತೆ ನೋಡಿ ಬದಲಿಸಿದರೆ ಮುಗಿಯಿತು, ಅದಕ್ಕಾಗಿ ಟ್ಯಾಂಕು ಬದಲಿಸಬೇಕಿಲ್ಲ.

ತೊಟ್ಟಿಕ್ಕುವ ನಳದ ಕೆಳಗೆ ಒಂದು ಗಂಟೆ ಲೋಟ ಇಡಿ. 200 ಮಿಲಿಲೀಟರ್ ಸೇರಿದರೆ ದಿನಕ್ಕೆ ಸುಮಾರು 5 ಲೀಟರ್ ಆಯಿತು. ಹಳೆಯ ಹಿತ್ತಾಳೆ ನಳಗಳಲ್ಲಿ ವಾಷರ್ ಹಾಕಿದರೆ ಹನಿ ನಿಲ್ಲುತ್ತದೆ. ಹೊಸ ವಾಷರ್ ಹಾಕಿದ ವಾರದೊಳಗೆ ಮತ್ತೆ ಹನಿಯಲು ತೊಡಗಿದರೆ ವಾಷರ್ ಕೂರುವ ಒಳಗಿನ ಪೀಠವೇ ಸವೆದಿದೆ. ಆ ನಳವನ್ನು ಬದಲಿಸುವ ಪಟ್ಟಿಗೆ ಸೇರಿಸಿ.

ಇನ್ನು ಪೈಪಿನ ಸೋರಿಕೆ. ರಾತ್ರಿ ಎಲ್ಲರೂ ಮಲಗುವಾಗ ಮೇಲಿನ ಟ್ಯಾಂಕಿನ ನೀರಿನ ಮಟ್ಟವನ್ನು ಒಂದು ಕೋಲು ಇಳಿಸಿ ಗುರುತಿಸಿ, ಬೆಳಿಗ್ಗೆ ಯಾರೂ ನಳ ತಿರುಗಿಸುವ ಮೊದಲು ಮತ್ತೆ ನೋಡಿ. ಸುಮಾರು 1.1 ಮೀಟರ್ ಅಗಲದ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಒಂಬತ್ತೂವರೆ ಲೀಟರ್ ಹೋಗಿದೆ. ಮರುದಿನ ರಾತ್ರಿ ಟ್ಯಾಂಕಿನಿಂದ ಕೆಳಗೆ ಇಳಿಯುವ ಪೈಪಿನ ವಾಲ್ವ್ ಮುಚ್ಚಿ ಅದೇ ಪರೀಕ್ಷೆ ಮಾಡಿ. ಮುಚ್ಚಿದಾಗಲೂ ಇಳಿದರೆ ದೋಷ ಟ್ಯಾಂಕಿನದು, ತೆರೆದಾಗ ಮಾತ್ರ ಇಳಿದರೆ ಪೈಪಿನದು ಅಥವಾ ನಳಗಳದು.

ಎರೆಮಣ್ಣಿನ ಜಾಗದಲ್ಲಿ ಮನೆ ಇರುವವರು ಸಂಪನ್ನೂ ಹೀಗೆಯೇ ಪರೀಕ್ಷಿಸಬೇಕು. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ನೆಲದೊಳಗಿನ ಪೈಪಿನ ಜೋಡಣೆಗಳು ಸಡಿಲವಾಗುತ್ತವೆ, ಸಂಪಿನ ಗೋಡೆಯೂ ಸೀಳುತ್ತದೆ. ಅಂಗಳದ ಒಂದೇ ಮೂಲೆಯಲ್ಲಿ ಏಪ್ರಿಲ್ ತಿಂಗಳಲ್ಲೂ ಹುಲ್ಲು ಹಸಿರಾಗಿದ್ದರೆ ಅಲ್ಲಿ ಅಗೆದು ನೋಡಿ.

## ಹಂತ 3: ತುಂಬಿ ಹರಿಯುವುದನ್ನು ತಡೆಯಿರಿ

ನಳ ಬಂದ ದಿನ ಸಂಪು ತುಂಬಿ ರಸ್ತೆಗೆ ಹರಿಯುವುದು, ಮೋಟಾರ್ ಹಚ್ಚಿ ಮರೆತು ಮಾಳಿಗೆಯಿಂದ ನೀರು ಸುರಿಯುವುದು ನಮ್ಮ ಓಣಿಗಳಲ್ಲಿ ದಿನವೂ ಕಾಣುವ ನೋಟ. ಹತ್ತು ನಿಮಿಷ ಹೀಗೆ ಹರಿದರೆ ಹೊಸ ನಳ ಹಲವು ದಿನ ಉಳಿಸಿದ್ದು ಕೈಬಿಟ್ಟಂತೆ. ಸಂಪಿನ ಒಳಬಾಯಿಗೆ, ನೀರು ತುಂಬಿದಾಗ ತೇಲುವ ಚೆಂಡಿನಿಂದ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವ್ ಹಾಕಿಸಿ. ಮೇಲಿನ ಟ್ಯಾಂಕಿಗೆ ನೀರು ತುಂಬಿದಾಗ ಮೋಟಾರ್ ತಾನೇ ನಿಲ್ಲುವ ಸಾಧನವನ್ನು ಎಲೆಕ್ಟ್ರಿಶಿಯನ್ ಕೈಯಿಂದಲೇ ಕೂರಿಸಿ. ಮೋಟಾರಿನ ಪೈಪಿಗೆ ಬರೀ ಫ್ಲೋಟ್ ವಾಲ್ವ್ ಹಾಕಬಾರದು, ಅದು ಮುಚ್ಚಿದ ಮೇಲೂ ಮೋಟಾರ್ ತಿರುಗುತ್ತಲೇ ಇದ್ದು ಪೈಪಿನ ಜೋಡಣೆ ಬಿಡುತ್ತದೆ ಅಥವಾ ಮೋಟಾರ್ ಸುಡುತ್ತದೆ.

## ಹಂತ 4: ಫ್ಲಶ್ ಟ್ಯಾಂಕನ್ನು ಬದಲಿಸಿ

ಇಂಡಿಯನ್ ಶೌಚಾಲಯಕ್ಕೆ ಬಕೆಟ್ ಮತ್ತು ಮಗ್ ಬಳಸುವ ಮನೆಯವರು ಈ ಹಂತವನ್ನು ಬಿಟ್ಟುಬಿಡಬಹುದು. ನೀರು ಉಳಿಸುವ ಹೆಸರಿನಲ್ಲಿ ಅಲ್ಲಿ ಹೊಸದಾಗಿ ಫ್ಲಶ್ ಕೂರಿಸಿದರೆ ನೀರಿನ ಖರ್ಚು ಹೆಚ್ಚಾಗಬಹುದೇ ಹೊರತು ಕಡಿಮೆಯಾಗದು.

ಗೋಡೆಗೆ ತೂಗುಹಾಕಿದ ಟ್ಯಾಂಕು ಬೇರೆ ಇದ್ದರೆ ಇಡೀ ಟ್ಯಾಂಕನ್ನು ಬದಲಿಸಬಹುದು. ಟ್ಯಾಂಕು ಕಮೋಡಿಗೆ ಅಂಟಿಕೊಂಡಿದ್ದರೆ ಒಳಗಿನ ಸಾಮಾನನ್ನು ಮಾತ್ರ ಎರಡು ಗುಂಡಿಯದಕ್ಕೆ ಬದಲಿಸಬೇಕು. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಆಂಗಲ್ ಕಾಕ್ ಮುಚ್ಚಿ, ಟ್ಯಾಂಕನ್ನು ಖಾಲಿ ಮಾಡಿ, ಜಗ್ಗಿನಿಂದ ಬರೀ 6 ಲೀಟರ್ ತುಂಬಿ, ಕಮೋಡಿನಲ್ಲಿ ತೆಳುವಾದ ಟಿಶ್ಯೂ ಕಾಗದದ ನಾಲ್ಕೈದು ಒದ್ದೆ ಉಂಡೆ ಹಾಕಿ ಫ್ಲಶ್ ಮಾಡಿ. ಎಲ್ಲವೂ ಒಂದೇ ಸಲಕ್ಕೆ ಹೋದರೆ ನಿಮ್ಮ ಹಳೆಯ ಕಮೋಡಿಗೆ 6 ಲೀಟರಿನ ಟ್ಯಾಂಕು ಒಗ್ಗುತ್ತದೆ. ಹೋಗದಿದ್ದರೆ ಟ್ಯಾಂಕೊಂದನ್ನೇ ಬದಲಿಸಬೇಡಿ: ಹೆಚ್ಚು ನೀರಿಗಾಗಿ ಮಾಡಿದ ಕಮೋಡಿಗೆ ಕಡಿಮೆ ನೀರಿನ ಟ್ಯಾಂಕು ಹಾಕಿದವರು ಎರಡೆರಡು ಸಲ ಫ್ಲಶ್ ಮಾಡಿ ಮೊದಲಿಗಿಂತ ಹೆಚ್ಚು ನೀರು ಸುರಿಯುತ್ತಾರೆ. ಕಮೋಡನ್ನೂ ಬದಲಿಸುವ ಕಾಲ ಬರುವವರೆಗೆ, ಮರಳು ತುಂಬಿ ಬಿಗಿಯಾಗಿ ಮುಚ್ಚಿದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಟ್ಯಾಂಕಿನ ಮೂಲೆಯಲ್ಲಿ ನಿಲ್ಲಿಸಿ. ಇಟ್ಟಂಗಿಯನ್ನು ಮಾತ್ರ ಹಾಕಬೇಡಿ, ಅದು ಕರಗಿ ಉದುರಿದ ಪುಡಿ ವಾಷರಿನ ಕೆಳಗೆ ಸೇರಿ ಹೊಸ ಸೋರಿಕೆ ಹುಟ್ಟಿಸುತ್ತದೆ.

ತೂಗುಟ್ಯಾಂಕನ್ನು ಬದಲಿಸುವ ಕ್ರಮ ಹೀಗಿದೆ.

1. ಆಂಗಲ್ ಕಾಕ್ ಮುಚ್ಚಿ ಫ್ಲಶ್ ಮಾಡಿ. ತಳದಲ್ಲಿ ಉಳಿದ ನೀರನ್ನು ಬಟ್ಟೆಯಿಂದ ಹೀರಿ ತೆಗೆಯಿರಿ.

2. ನೀರು ತರುವ ಕನೆಕ್ಷನ್ ಪೈಪನ್ನೂ ಕಮೋಡಿಗೆ ಇಳಿಯುವ ಪೈಪಿನ ನಟ್ಟನ್ನೂ ಬಿಚ್ಚಿ. ಇಳಿಯುವ ಪೈಪಿನ ತುಂಡನ್ನು ಅಂಗಡಿಗೆ ಒಯ್ದು ಅದೇ ದಪ್ಪದ್ದಕ್ಕೆ ಹೊಂದುವ ಟ್ಯಾಂಕು ತನ್ನಿ. ಅಂದಾಜಿನ ಮೇಲೆ ತಂದವರು ಎರಡು ಸಲ ಅಂಗಡಿಗೆ ಹೋಗುವುದು ಖಚಿತ.

3. ಹೊಸ ಟ್ಯಾಂಕಿನ ಕೊಂಡಿಗಳಿಗೆ ಗುರುತು ಹಾಕಿ ತೂತು ಕೊರೆಯಿರಿ. ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳಲ್ಲಿ ಗೋಡೆ ಮಣ್ಣಿನದು ಅಥವಾ ಸುಣ್ಣದ ಗಾರೆಯದಿರಬಹುದು. ಕೊರೆಯುವಾಗ ಹಿಟ್ಟಿನಂಥ ಪುಡಿ ಉದುರಿ, ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಾಸ್ಟಿಕ್ ಗುಳ್ಳಿ ಸಡಿಲವಾಗಿ ತಿರುಗಿದರೆ ಅಲ್ಲಿಗೇ ನಿಲ್ಲಿಸಿ, ತೂತಿಗೆ ಸಿಮೆಂಟ್ ತುಂಬಿ, ಎರಡು ದಿನ ಒಣಗಲು ಬಿಟ್ಟು ಮುಂದುವರಿಯಿರಿ.

4. ಪ್ಲಾಸ್ಟಿಕ್ ನಟ್ಟುಗಳನ್ನು ಕೈಯಿಂದ ಬಿಗಿ ಮಾಡಿ, ಆಮೇಲೆ ಪಾನಾದಿಂದ ಕಾಲು ಸುತ್ತು ಮಾತ್ರ ತಿರುಗಿಸಿ. ಹೆಚ್ಚು ಬಿಗಿದರೆ ಆ ಹೊತ್ತಿಗೆ ಏನೂ ಕಾಣುವುದಿಲ್ಲ, ವಾರದ ಮೇಲೆ ನಟ್ಟು ಸೀಳುತ್ತದೆ.

5. ನೀರು ತುಂಬಿಸಿ, ಒಳಗಿನ ಗೆರೆಗೆ ಸರಿಯಾಗಿ ನಿಲ್ಲುವಂತೆ ಫ್ಲೋಟ್ ಹೊಂದಿಸಿ. ಕೆಳಗೆ ಒಣ ದಿನಪತ್ರಿಕೆ ಹಾಸಿ ಒಂದು ರಾತ್ರಿ ಬಿಡಿ. ಬಟ್ಟೆಯ ಮೇಲೆ ಕಾಣದ ಒಂದೇ ಒಂದು ಹನಿಯೂ ದಿನಪತ್ರಿಕೆಯ ಮೇಲೆ ಸುಕ್ಕಾಗಿ ಕಾಣುತ್ತದೆ.

ಮನೆಯ ಎಲ್ಲರಿಗೂ, ವಿಶೇಷವಾಗಿ ಹಿರಿಯರಿಗೆ, ಯಾವ ಗುಂಡಿ ಯಾವುದಕ್ಕೆ ಎಂದು ಮುಟ್ಟಿ ತೋರಿಸಿ. ಎರಡನ್ನೂ ಒಟ್ಟಿಗೆ ಒತ್ತುವ ರೂಢಿ ಬಿದ್ದರೆ ಹಾಕಿದ ಹಣ ವ್ಯರ್ಥ. ಮೊದಲ ಎರಡು ತಿಂಗಳು ಹೊರಗಿನ ಚರಂಡಿಯ ಚೇಂಬರಿನ (ಗುಂಡಿಯ) ಮುಚ್ಚಳ ತೆಗೆದು ನೋಡುತ್ತಿರಿ. ಅಲ್ಲಿ ಮಲ ನಿಲ್ಲುತ್ತಿದ್ದರೆ ಅಥವಾ ಫ್ಲಶ್ ಮಾಡಿದಾಗ ಗುಳುಗುಳು ಸದ್ದು ಬಂದರೆ ಚರಂಡಿಯ ಇಳಿಜಾರು ಸಾಲದು, ಇಲ್ಲವೆ ಪೈಪು ಕಟ್ಟುತ್ತಿದೆ. ಅದನ್ನು ಸರಿಪಡಿಸುವವರೆಗೆ ದೊಡ್ಡ ಗುಂಡಿಯನ್ನೇ ಬಳಸಬೇಕಾಗುತ್ತದೆ.

## ಹಂತ 5: ಹಳೆಯ ನಳವನ್ನು ಗೋಡೆಯಿಂದ ಬಿಚ್ಚುವುದು

ಹೆಚ್ಚು ಜನ ಸೋಲುವುದು ಇಲ್ಲಿಯೇ. ಸಪ್ತಾಪುರದ ನಮ್ಮ ಮನೆಯಲ್ಲಿ ಬಚ್ಚಲಿನ ಹಳೆಯ ನಳವನ್ನು ಒಂದು ಸಂಜೆ ನಾನೇ ಬಿಚ್ಚಲು ಹೋದೆ. ಪಾನಾ ಹಾಕಿ ತಿರುಗಿಸಿದಾಗ ನಳ ಸಲೀಸಾಗಿ ತಿರುಗಿತು, ನನಗೆ ಸಮಾಧಾನವಾಯಿತು. ತಿರುಗಿದ್ದು ನಳವಲ್ಲ, ಗೋಡೆಯೊಳಗಿನ ತುಕ್ಕು ಹಿಡಿದ ಎಲ್ಬೋ, ಅಂದರೆ ಪೈಪಿನ ಬಾಗು ಜೋಡಣೆ. ಅದು ಮುರಿದು ಟೈಲಿನ ಹಿಂದಿನಿಂದ ಕೆಂಪು ನೀರು ಚಿಮ್ಮಿತು, ಮುಖ್ಯ ಗೇಟ್ ವಾಲ್ವ್ ಹಳೆಯದಾಗಿ ಪೂರ್ತಿ ಮುಚ್ಚಲಿಲ್ಲ, ಅಂಗಡಿಗಳು ಬಾಗಿಲು ಹಾಕಿದ್ದವು, ನಳ ಬರಲು ಇನ್ನೂ ನಾಲ್ಕು ದಿನವಿತ್ತು. ತುಂಬಿದ ಟ್ಯಾಂಕು ನಮ್ಮ ಕಣ್ಣೆದುರಿಗೇ ಖಾಲಿಯಾಯಿತು. ಕೆಳಗಿನ ಕ್ರಮವನ್ನು ಅಂದು ಕಲಿತೆ.

1. ಬೆಳಿಗ್ಗೆ ಶುರು ಮಾಡಿ. ನಳ ಬರುವ ದಿನ ಬೇಡ, ಅಂಗಡಿ ಮುಚ್ಚಿರುವ ದಿನವೂ ಬೇಡ. ನಾಲ್ಕೈದು ಕೊಡ ನೀರು ತುಂಬಿ ಬೇರೆ ಇಟ್ಟುಕೊಳ್ಳಿ.

2. ಮುಖ್ಯ ವಾಲ್ವ್ ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ನಳ ತೆರೆಯಿರಿ. ಹತ್ತು ನಿಮಿಷವಾದರೂ ನೀರು ಸಣ್ಣಗೆ ಬರುತ್ತಲೇ ಇದ್ದರೆ ವಾಲ್ವ್ ಕೆಟ್ಟಿದೆ. ಅದನ್ನು ಬಾಲ್ ವಾಲ್ವಿಗೆ ಬದಲಿಸುವವರೆಗೆ ಯಾವ ನಳವನ್ನೂ ಮುಟ್ಟಬೇಡಿ.

3. ನಳ ಗೋಡೆ ಸೇರುವಲ್ಲಿ ಸುಣ್ಣದ ಗಟ್ಟಿಯನ್ನು ಬ್ರಶ್ಶಿನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಕಾಯಿರಿ.

4. ಒಂದು ಪಾನಾದಿಂದ ಹಿಂದಿನ ಪೈಪನ್ನೋ ನಿಪ್ಪಲ್ಲನ್ನೋ ಅಲುಗದಂತೆ ಹಿಡಿದು, ಇನ್ನೊಂದರಿಂದ ನಳವನ್ನು ಎಡಕ್ಕೆ ನಿಧಾನವಾಗಿ ತಿರುಗಿಸಿ. ಹಿಡಿಯಲು ಪೈಪು ಹೊರಗೆ ಕಾಣದಿದ್ದರೆ ಕಾಲು ಸುತ್ತು ತಿರುಗಿಸಿ ನೋಡಿ. ಟೈಲಿನ ಅಂಚಿನ ಸಿಮೆಂಟು ಬಿರುಕು ಬಿಟ್ಟರೆ, ತುಕ್ಕಿನ ಚೂರು ಉದುರಿದರೆ, ನಳ ಬಿಗಿಯಿಲ್ಲದೆ ಮೆತ್ತಗೆ ತಿರುಗಿದರೆ ಕೂಡಲೇ ಕೈ ತೆಗೆಯಿರಿ. ಜಿಐ (ಸತುವಿನ ಲೇಪದ ಕಬ್ಬಿಣ) ಪೈಪಿನ ಆ ತುಂಡನ್ನು ಗೋಡೆ ಒಡೆದು ಬದಲಿಸಬೇಕಾಗಿದೆ, ಅದು ಅನುಭವಿ ಪ್ಲಂಬರಿನ ಕೆಲಸ.

5. ನಳ ಹೊರಬಂದ ಮೇಲೆ ಬಾಯಿಗೆ ಬಕೆಟ್ ಹಿಡಿದು ಒಂದು ನಿಮಿಷ ವಾಲ್ವ್ ತೆರೆಯಿರಿ. ಪೈಪಿನ ತುಕ್ಕು, ಮರಳು ಹೊರಗೆ ಬರಲಿ. ಇದನ್ನು ಬಿಟ್ಟರೆ ಆ ಮರಳೆಲ್ಲ ಹೊಸ ನಳದ ಒಳಗೆ ಸೇರುತ್ತದೆ.

6. ಹೊಸ ನಳದ ಮರೆಗೆ (ತಿರುಪಿನ ಗೆರೆಗಳಿಗೆ) ಟೆಫ್ಲಾನ್ ಟೇಪನ್ನು, ಮರೆಯ ತುದಿ ನಿಮ್ಮ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹತ್ತು ಹನ್ನೆರಡು ಸುತ್ತು ಬಿಗಿಯಾಗಿ ಸುತ್ತಿ. ಮೊದಲ ಮೂರು ಸುತ್ತನ್ನು ಕೈಯಿಂದಲೇ ತಿರುಗಿಸಿ ಕೂರಿಸಿ, ಕೊನೆಯಲ್ಲಿ ಮಾತ್ರ ಪಾನಾ ಬಳಸಿ. ನಳದ ಮೂತಿ ಕೆಳಗೆ ಬರಲು ಸ್ವಲ್ಪ ಹೆಚ್ಚು ತಿರುಗಿತೆಂದು ಹಿಂದಕ್ಕೆ ತಿರುಗಿಸಬಾರದು; ಹಿಂದಕ್ಕೆ ಬಂದ ಮರೆ ಸೋರುತ್ತದೆ. ಪೂರ್ತಿ ಬಿಚ್ಚಿ, ಹೊಸ ಟೇಪ್ ಸುತ್ತಿ, ಮತ್ತೆ ಕೂರಿಸಿ.

ಯಾವ ಜಾಗಕ್ಕೆ ಯಾವ ನಳ ಎಂಬುದೂ ಮುಖ್ಯ. ಕಾಲು ಸುತ್ತಿಗೆ ತೆರೆಯುವ ಹೊಸ ನಳಗಳ ಒಳಗೆ ನುಣುಪಾದ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಮರಳಿನ ಒಂದು ಕಣ ಸಿಕ್ಕಿ ಗೀರಿದರೂ ಅವು ಹನಿಯಲು ಶುರು ಮಾಡುತ್ತವೆ. ಆದ್ದರಿಂದ ಬೀದಿಯ ಪೈಪಿನಿಂದ ನೇರವಾಗಿ ನೀರು ಬರುವ ಅಂಗಳದ ನಳಕ್ಕೆ ವಾಷರಿನ ಹಳೆಯ ಮಾದರಿಯೇ ಇರಲಿ. ಟ್ಯಾಂಕಿನಲ್ಲಿ ತಿಳಿಯಾದ ನೀರು ಬರುವ ಅಡುಗೆಮನೆ, ವಾಶ್‌ಬೇಸಿನ್ನುಗಳಿಗೆ ಹೊಸದು ಸೂಕ್ತ.

## ಹಂತ 6: ಎರೇಟರ್ ಮತ್ತು ಶವರ್

ಎರೇಟರ್ ಎಂದರೆ ನೀರಿಗೆ ಗಾಳಿ ಬೆರೆಸಿ ಬಿಡುವ ಪುಟ್ಟ ಜರಡಿ. ಹರಿಯುವ ನೀರಿನ ಕೆಳಗೆ ಕೈ, ತರಕಾರಿ, ಪಾತ್ರೆ ತೊಳೆಯುವ ಕಡೆ ಅದು ನಿಜವಾಗಿಯೂ ನೀರು ಉಳಿಸುತ್ತದೆ. ಕೊಡ, ಬಕೆಟ್ ತುಂಬುವ ನಳಕ್ಕೆ ಹಾಕಿದರೆ ಏನೂ ಉಳಿಯುವುದಿಲ್ಲ: ಕೊಡ ಹಿಡಿಯುವಷ್ಟು ನೀರು ಹೇಗಿದ್ದರೂ ಬೇಕೇ ಬೇಕು, ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ನಮ್ಮ ಓಣಿಯ ಹಿರಿಯರಿಗೆ ಆದದ್ದು ಇದೇ. ಕೊಳ್ಳುವಾಗ ನಳದ ಮೂತಿಯಲ್ಲಿ ಮರೆ ಇದೆಯೇ, ಅದು ಒಳಗಿದೆಯೇ ಹೊರಗಿದೆಯೇ ಎಂದು ನೋಡಿಕೊಳ್ಳಿ. ಮರೆಯೇ ಇಲ್ಲದ ಹಳೆಯ ಮೂತಿಗೆ ಎರೇಟರ್ ಕೂರುವುದಿಲ್ಲ.

ಒತ್ತಡದ ಲೆಕ್ಕವನ್ನು ಮರೆಯಬೇಡಿ. ಡಬ್ಬಿಯ ಮೇಲೆ ಬರೆದ ಲೀಟರ್ ನಿರ್ದಿಷ್ಟ ಒತ್ತಡದಲ್ಲಿ ಅಳೆದದ್ದು. ನಮ್ಮ ಮನೆಗಳಲ್ಲಿ ನೀರು ಹತ್ತು ಮೀಟರ್ ಮೇಲಿನಿಂದ ಬಿದ್ದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಒಂದೇ ಮಹಡಿಯ ಮನೆಯ ಟ್ಯಾಂಕು ಶವರಿಗಿಂತ ಎರಡು ಮೀಟರ್ ಮೇಲಿದ್ದರೆ ಸಿಗುವುದು ಬಾರಿನ ಐದನೆಯ ಒಂದು ಪಾಲು. ಅಲ್ಲಿ ಗಾಳಿ ಬೆರೆಸುವ ಶವರ್ ಹಾಕಿದರೆ ನೀರು ಎಳೆಯಂತೆ ಇಳಿಯುತ್ತದೆ. ಹಂತ 1ರ ಅಳತೆಯಲ್ಲಿ ನಿಮ್ಮ ಶವರ್ ಈಗಾಗಲೇ ನಿಮಿಷಕ್ಕೆ 6 ಲೀಟರಿಗಿಂತ ಕಡಿಮೆ ಇದ್ದರೆ ಅದನ್ನು ಬದಲಿಸಬೇಡಿ. ಬಕೆಟ್ಟಿನಲ್ಲಿ 20 ಲೀಟರಿನ ಒಳಗೆ ಸ್ನಾನ ಮುಗಿಸುವವರಿಗೆ ಯಾವ ಶವರಿನಿಂದಲೂ ಲಾಭವಿಲ್ಲ.

ಗಡಸು ನೀರಿನ ಊರಿನವರು, ಗದಗ-ಬೆಟಗೇರಿಯ ಕೊಳವೆಬಾವಿಯ ನೀರು ಬಳಸುವವರಂತೂ, ಎರೇಟರನ್ನು ತಿಂಗಳಿಗೊಮ್ಮೆ ಬಿಚ್ಚಿ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬ್ರಶ್ಶಿನಿಂದ ಉಜ್ಜಬೇಕು. ನೀರು ಒಂದು ಬದಿಗೆ ಸಿಡಿಯತೊಡಗಿದರೆ ಬಿಳಿಯ ಸುಣ್ಣ ಕಟ್ಟಿದೆ ಎಂದು ತಿಳಿಯಿರಿ. ಶೌಚಾಲಯ ತೊಳೆಯುವ ಆ್ಯಸಿಡ್ ಬಳಸಬೇಡಿ, ಮೇಲಿನ ಹೊಳಪೂ ಒಳಗಿನ ರಬ್ಬರೂ ಹಾಳಾಗುತ್ತವೆ. ಆ್ಯಸಿಡ್ಡಿಗೆ ಬ್ಲೀಚಿಂಗ್ ಪುಡಿ ತಾಗಿದರಂತೂ ಮುಚ್ಚಿದ ಬಚ್ಚಲಿನಲ್ಲಿ ಉಸಿರಿಗೆ ಅಪಾಯವಾದ ಕ್ಲೋರಿನ್ ಅನಿಲ ಏಳುತ್ತದೆ.

## ಹಂತ 7: ಮತ್ತೆ ಅಳೆಯಿರಿ

ಹದಿನೈದು ದಿನದ ಮೇಲೆ ಹಂತ 1 ಮತ್ತು 2ರ ಪರೀಕ್ಷೆಗಳನ್ನು ಅದೇ ಬಕೆಟ್, ಅದೇ ಜಗ್ಗಿನಿಂದ ಮತ್ತೆ ಮಾಡಿ, ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ಮೀಟರ್ ಇರುವವರು ಎರಡು ತಿಂಗಳ ಬಿಲ್ಲನ್ನು ಹೋಲಿಸಬಹುದು. ಮೀಟರ್ ಇಲ್ಲದವರು ನಳ ಬಂದ ದಿನ ಸಂಪಿನಲ್ಲಿ ಎಷ್ಟು ಹಳೆಯ ನೀರು ಉಳಿದಿತ್ತೆಂದು ಗೋಡೆಗೆ ಗುರುತು ಹಾಕುತ್ತ ಹೋಗಲಿ. ಸಾಮಾನೆಲ್ಲ ಬದಲಿಸಿದ ಮೇಲೂ ಆ ಗುರುತು ಏರದಿದ್ದರೆ ಹೊಸದನ್ನು ಕೊಳ್ಳಲು ಹೋಗದೆ, ನೀಲಿಯ ಬಾಟಲಿ ಹಿಡಿದು ಮತ್ತೆ ಫ್ಲಶ್ ಟ್ಯಾಂಕಿನ ಹತ್ತಿರ ಹೋಗಿ.